ಎಣಿಕೆಯಲ್ಲಿ ಕಡಿಮೆ ಬಿದ್ದವರು

1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ 30 ವಿಧಿಗಳಲ್ಲಿ ಅಲ್ಪಸಂಖ್ಯಾತರಿಗೆಂದೇ ಮೀಸಲಾದ ವಿಧಿ ಒಂದೂ ಇಲ್ಲ. ಅಂದೇ ಹೊರಡಿಸಿದ ಇನ್ನೊಂದು ನಿರ್ಣಯದಲ್ಲಿ ಸಭೆ ಹೇಳಿದ್ದಿಷ್ಟು: ಅಲ್ಪಸಂಖ್ಯಾತರ ಪಾಡಿನ ಬಗ್ಗೆ ನಾವು ಉದಾಸೀನರಾಗಿರಲಾರೆವು, ಆದರೆ ಎಲ್ಲ ದೇಶಗಳಿಗೂ ಹೊಂದುವ ಒಂದೇ ಪರಿಹಾರ ಕಷ್ಟ. ಆ ಅಳುಕಿಗೆ ಕಾರಣವಿತ್ತು. ಹತ್ತು ವರ್ಷದ ಹಿಂದಷ್ಟೇ ಹಿಟ್ಲರ್ ಚೆಕೊಸ್ಲೊವಾಕಿಯಾದ ಜರ್ಮನ್ ಭಾಷಿಕರ ನೆಪ ಹೂಡಿ ಆ ದೇಶವನ್ನೇ ತುಂಡರಿಸಿದ್ದ. ನೋವನ್ನು ಆಯುಧ ಮಾಡಿಕೊಂಡವನೊಬ್ಬ. ಅದರ ದಂಡ ತೆತ್ತವರು ನೋವುಂಡವರು.

*

ಅಲ್ಪಸಂಖ್ಯಾತರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಒಡಂಬಡಿಕೆಯ ಒಳಗೆ ಬಂದದ್ದು 1966ರಲ್ಲಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯಾಗಿ. ತಮ್ಮ ಸಂಸ್ಕೃತಿಯನ್ನು ಬಾಳುವ, ತಮ್ಮ ಧರ್ಮವನ್ನು ಆಚರಿಸುವ, ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ಅವರಿಗೆ ನಿರಾಕರಿಸಕೂಡದು ಎಂಬುದು ಅದರ ಸಾರ. ‘ಕೊಡಬೇಕು’ ಎಂದು ಬರೆಯಲು ಸರ್ಕಾರಗಳಿಗೆ ಧೈರ್ಯ ಬರಲಿಲ್ಲ. ಆದರೂ ಅದೊಂದು ಬಾಗಿಲು ತೆರೆಯಿತು. ಭಾರತ 1979ರಲ್ಲಿ ಆ ಒಡಂಬಡಿಕೆಗೆ ಸೇರಿತು.

*

ತನ್ನ ನೆಲದಲ್ಲಿ ಅಲ್ಪಸಂಖ್ಯಾತರೇ ಇಲ್ಲ, ಆದ್ದರಿಂದ 27ನೇ ವಿಧಿ ತನಗೆ ಅನ್ವಯಿಸದು ಎಂಬುದು ಫ್ರಾನ್ಸಿನ ನಿಲುವು. ಬ್ರೆಟನ್, ಬಾಸ್ಕ್, ಕಾರ್ಸಿಕನ್ ಆಡುವ ಜನ ಅಲ್ಲೇ ಇದ್ದಾರೆ. ಒಬ್ಬರು ಇದ್ದಾರೆಯೇ ಇಲ್ಲವೇ ಎಂಬುದನ್ನು ಸರ್ಕಾರ ತೀರ್ಮಾನಿಸುವಂತಿಲ್ಲ, ಅದು ಕಣ್ಣಿಗೆ ಕಾಣುವ ಸಂಗತಿಗಳಿಂದ ತೀರ್ಮಾನವಾಗಬೇಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1994ರಲ್ಲಿ ಬಿಡಿಸಿ ಹೇಳಿತು. ಇಲ್ಲವೆಂದು ಹೇಳಿಸಿಕೊಳ್ಳುವುದು ಬೈಸಿಕೊಳ್ಳುವುದಕ್ಕಿಂತ ದೊಡ್ಡ ಗಾಯ. ಬೈದವನಿಗೆ ನಾವು ಕಂಡಿರುತ್ತೇವೆ.

*

ಸಮಾನತೆಯ ಹೆಸರಿನಲ್ಲಿ ಅನ್ಯಾಯ ಮಾಡುವುದು ಹೇಗೆ ಎಂಬುದನ್ನು ತಿಳಿಯಲು ಅಲ್ಬೇನಿಯಾದ ಶಾಲೆಗಳ ಮೊಕದ್ದಮೆಯೊಂದೇ ಸಾಕು. ಆ ದೇಶದ ದಕ್ಷಿಣದಲ್ಲಿದ್ದ ಗ್ರೀಕ್ ಭಾಷಿಕರು ತಮ್ಮ ಶಾಲೆಗಳನ್ನು ತಾವೇ ನಡೆಸಿಕೊಳ್ಳಬಹುದೆಂದು 1921ರಲ್ಲಿ ಅಲ್ಬೇನಿಯಾ ರಾಷ್ಟ್ರಸಂಘಕ್ಕೆ ಮಾತು ಕೊಟ್ಟಿತ್ತು. 1933ರಲ್ಲಿ ಸಂವಿಧಾನ ತಿದ್ದಿ ದೇಶದ ಖಾಸಗಿ ಶಾಲೆಗಳನ್ನೆಲ್ಲ ಮುಚ್ಚಿತು. ‘ಎಲ್ಲರ ಶಾಲೆಯನ್ನೂ ಮುಚ್ಚಿದ್ದೇವೆ, ಭೇದವೆಲ್ಲಿ?’ ಎಂಬುದು ಅದರ ವಾದ. ಹೇಗ್ ನಗರದಲ್ಲಿದ್ದ ಅಂದಿನ ಕಾಯಂ ಅಂತಾರಾಷ್ಟ್ರೀಯ ನ್ಯಾಯಾಲಯ 1935ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಬಹುಸಂಖ್ಯಾತರಿಗೆ ಅವರ ಭಾಷೆಯಲ್ಲೇ ನಡೆಯುವ ಸರ್ಕಾರಿ ಶಾಲೆ ಉಳಿದಿರುತ್ತದೆ; ಅಲ್ಪಸಂಖ್ಯಾತರಿಗೆ ಇದ್ದದ್ದು ತಮ್ಮ ಖಾಸಗಿ ಶಾಲೆಯೊಂದೇ. ಕಾನೂನಿನಲ್ಲಿ ಸಮಾನತೆ ಬೇರೆ, ಬದುಕಿನಲ್ಲಿ ಸಮಾನತೆ ಬೇರೆ ಎಂದು ನ್ಯಾಯಾಧೀಶರು ಬರೆದರು.

ತೊಂಬತ್ತು ವರ್ಷ ಕಳೆದರೂ ಅದೇ ವಾದ ಹೊಸ ಅಂಗಿ ತೊಟ್ಟು ಬರುತ್ತಲೇ ಇದೆ. ‘ಎಲ್ಲರಿಗೂ ಒಂದೇ ನಿಯಮ’ ಎಂಬ ಮಾತು ಕೇಳಿದಾಗಲೆಲ್ಲ, ಆ ನಿಯಮ ಯಾರ ಭಾಷೆಯಲ್ಲಿದೆ ಎಂದು ಕೇಳಬೇಕು.

*

ಬಹುಸಂಖ್ಯೆ ಎಂಬುದು ಗಡಿಯೊಳಗಿನ ಸಂಗತಿ. ಮಂಗಳೂರಿನಿಂದ ತೆಂಕಣಕ್ಕೆ ಹೊರಟ ಕನ್ನಡಿಗ ತಲಪಾಡಿಯಲ್ಲಿ ಕೇರಳದ ಗಡಿ ದಾಟಿದೊಡನೆ ಅಲ್ಪಸಂಖ್ಯಾತನಾಗುತ್ತಾನೆ. ಅವನ ಮಾತು, ಊಟ, ದೇವರು ಯಾವುದೂ ಬದಲಾಗಿರುವುದಿಲ್ಲ.

*

ಎಣಿಸುವ ಹರವು ಬದಲಾದರೆ ಹಕ್ಕೂ ಬದಲಾಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅಂಗಡಿಯ ಹೊರಗಿನ ಫಲಕ ಫ್ರೆಂಚಿನಲ್ಲೇ ಇರಬೇಕೆಂಬ ಕಾನೂನಿನ ವಿರುದ್ಧ ಇಂಗ್ಲಿಷ್ ಭಾಷಿಕ ವ್ಯಾಪಾರಿಗಳು ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಟ್ಟರು. 1993ರ ನಿರ್ಣಯದಲ್ಲಿ ಸಮಿತಿ ಅವರನ್ನು ಭಾಷಾ ಅಲ್ಪಸಂಖ್ಯಾತರೆಂದು ಒಪ್ಪಲಿಲ್ಲ. ಇಡೀ ಕೆನಡಾದಲ್ಲಿ ಇಂಗ್ಲಿಷಿನವರೇ ಹೆಚ್ಚು ಎಂದಿತು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂಬುದನ್ನಷ್ಟೇ ಮಾನ್ಯ ಮಾಡಿತು.

ನಮ್ಮ ಸುಪ್ರೀಂ ಕೋರ್ಟು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಹನ್ನೊಂದು ನ್ಯಾಯಮೂರ್ತಿಗಳ ಪೀಠದ ಪ್ರಕಾರ ಎಣಿಕೆಯ ಘಟಕ ರಾಜ್ಯ. ಹಾಗಾಗಿ ಬೆಳಗಾವಿಯ ಮರಾಠಿಗರು ಇಲ್ಲಿ ಅಲ್ಪಸಂಖ್ಯಾತರು, ಸೊಲ್ಲಾಪುರದ ಕನ್ನಡಿಗರು ಅಲ್ಲಿ ಅಲ್ಪಸಂಖ್ಯಾತರು. ಭಾಷೆಯ ಮೇಲೆ ರಾಜ್ಯಗಳನ್ನು ಕಟ್ಟಿದ ದೇಶಕ್ಕೆ ಈ ತೀರ್ಪೇ ಸರಿ ಎಂದು ನನಗನಿಸುತ್ತದೆ. ಪಹಣಿ, ಪಠ್ಯಪುಸ್ತಕ, ಪಡಿತರ ಚೀಟಿ ಯಾವ ಭಾಷೆಯಲ್ಲಿರಬೇಕೆಂದು ನಿರ್ಧರಿಸುವುದು ರಾಜ್ಯ. ಅಧಿಕಾರ ಎಲ್ಲಿದೆಯೋ ರಕ್ಷಣೆಯೂ ಅಲ್ಲಿರಬೇಕು.

*

ಯುಗೊಸ್ಲಾವಿಯಾ ಒಡೆದು ಹೆಣಗಳು ಬೀಳುತ್ತಿದ್ದ 1992ರಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರದ ಕೂಟ ಹೆಲ್ಸಿಂಕಿಯಲ್ಲಿ ಸೇರಿ ಹೊಸ ಹುದ್ದೆಯೊಂದನ್ನು ನಿರ್ಮಿಸಿತು: ರಾಷ್ಟ್ರೀಯ ಅಲ್ಪಸಂಖ್ಯಾತರ ವಿಷಯದ ಹೈ ಕಮಿಷನರ್. ಮೊದಲು ಆ ಕುರ್ಚಿಯಲ್ಲಿ ಕೂತವರು ನೆದರ್ಲೆಂಡಿನ ಮಾಜಿ ವಿದೇಶಾಂಗ ಮಂತ್ರಿ ಮ್ಯಾಕ್ಸ್ ವಾನ್ ಡರ್ ಸ್ಟೂಲ್. ಸೈನ್ಯವಿಲ್ಲ, ಶಿಕ್ಷಿಸುವ ಅಧಿಕಾರವಿಲ್ಲ. ದೇಶದಿಂದ ದೇಶಕ್ಕೆ ಹೋಗಿ, ಮಂತ್ರಿಗಳ ಜೊತೆಗೂ ಅಲ್ಪಸಂಖ್ಯಾತರ ಮುಖಂಡರ ಜೊತೆಗೂ ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಹೋದಲ್ಲೆಲ್ಲ ಜಗಳದ ಬೇರು ಒಂದೇ ಕಡೆ ಸಿಕ್ಕಿತು: ಮಕ್ಕಳ ಶಾಲೆ, ಮಾತಿನ ಮರ್ಯಾದೆ, ಆಡಳಿತದಲ್ಲಿ ಪಾಲು. ತಜ್ಞರನ್ನು ಕೂಡಿಸಿ ಬರೆಸಿದ ಮೂರು ಶಿಫಾರಸುಗಳು ಅದೇ ಕ್ರಮದಲ್ಲಿ ಬಂದವು. 1996ರಲ್ಲಿ ಶಿಕ್ಷಣದ ಬಗ್ಗೆ ಹೇಗ್ ಶಿಫಾರಸು, 1998ರಲ್ಲಿ ಭಾಷೆಯ ಬಗ್ಗೆ ಓಸ್ಲೊ ಶಿಫಾರಸು, 1999ರಲ್ಲಿ ಸಾರ್ವಜನಿಕ ಬದುಕಿನ ಪಾಲ್ಗೊಳ್ಳುವಿಕೆಯ ಬಗ್ಗೆ ಲುಂಡ್ ಶಿಫಾರಸು.

ಇವು ಯಾರನ್ನೂ ಕಟ್ಟಿಹಾಕುವ ಕಾನೂನುಗಳಲ್ಲ. ಅದಕ್ಕೇ ಇವನ್ನು ಓದುವಾಗ, ದಂಡದ ಭಯವಿಲ್ಲದೆ ನಾವು ಎಷ್ಟು ನ್ಯಾಯವಂತರಾಗಿರಬಲ್ಲೆವು ಎಂಬ ಪ್ರಶ್ನೆ ಎದುರಾಗುತ್ತದೆ.

*

ಯುದ್ಧ ಶುರುವಾಗುವ ಜಾಗ ಗಡಿಯ ಚೌಕಿ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ಅದು ಶುರುವಾಗುವುದು ಒಂದನೇ ತರಗತಿಯಲ್ಲಿ.

*

ಹೇಗ್ ಶಿಫಾರಸು ಮಗುವಿನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತದೆ. ಬಾಲವಾಡಿಯಲ್ಲಿ ಮನೆಮಾತು. ಪ್ರಾಥಮಿಕ ಶಾಲೆಯಲ್ಲಿ ಪಾಠಗಳು ಮನೆಮಾತಿನಲ್ಲೇ ನಡೆಯುವುದು ಉತ್ತಮ. ರಾಜ್ಯದ ಭಾಷೆ ಒಂದು ವಿಷಯವಾಗಿ ಪಕ್ಕದಲ್ಲಿರಲಿ, ಅದನ್ನು ಎರಡೂ ಭಾಷೆ ಬಲ್ಲ ಅಧ್ಯಾಪಕರು ಕಲಿಸಲಿ. ಪ್ರಾಥಮಿಕದ ಕೊನೆಗೆ ಕೆಲವು ಪ್ರಾಯೋಗಿಕ ವಿಷಯಗಳನ್ನು ರಾಜ್ಯದ ಭಾಷೆಯಲ್ಲಿ ಕಲಿಸಬಹುದು. ಪ್ರೌಢಶಾಲೆಯಲ್ಲಿ ಅಂಥ ವಿಷಯಗಳು ಮೆಲ್ಲಮೆಲ್ಲನೆ ಹೆಚ್ಚಲಿ. ಇದರಲ್ಲಿ ಹೊಸದೇನಿದೆ ಎನ್ನಬಹುದು. ಒಳ್ಳೆಯ ಮೇಷ್ಟ್ರಿಗೆ ಇದು ಮೊದಲೇ ಗೊತ್ತು; ಸರ್ಕಾರಗಳಿಗೆ ಬರೆದು ಕೊಡಬೇಕಾಯಿತು.

ನಮ್ಮ ಸಂವಿಧಾನ ಇದರ ಅರ್ಧವನ್ನು ನಲವತ್ತು ವರ್ಷ ಮೊದಲೇ ಹೇಳಿತ್ತು. 1956ರ ಏಳನೇ ತಿದ್ದುಪಡಿ ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಕೆಗೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ. ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕೆಂಬ ಲೆಕ್ಕ ಅದಕ್ಕೂ ಹಳೆಯದು, 1949ರದು.

*

ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ಮಕ್ಕಳೂ ಪಾಲಕರೂ ಬೀದಿಗೆ ಇಳಿದಿದ್ದಾರೆ. ಹೀಗೆ ಮತ್ತೆ ಮತ್ತೆ ಆಗಿದೆ. ಶಾಲೆ ಇದೆ, ಫಲಕದಲ್ಲಿ ಕನ್ನಡವಿದೆ, ಪುಸ್ತಕ ಕನ್ನಡದ್ದು. ಗಣಿತ ಹೇಳಿಕೊಡುವವರಿಗೆ ಮಕ್ಕಳು ಕೇಳುವ ಪ್ರಶ್ನೆ ತಿಳಿಯದು, ಮಕ್ಕಳಿಗೆ ಅವರ ಉತ್ತರ ತಿಳಿಯದು. ಕಡತದಲ್ಲಿ ಹುದ್ದೆ ಭರ್ತಿಯಾಗಿರುತ್ತದೆ. ಹಕ್ಕನ್ನು ಕಸಿಯಲು ಆದೇಶ ಹೊರಡಿಸಬೇಕಿಲ್ಲ, ನೇಮಕಾತಿ ಪಟ್ಟಿಯೊಂದೇ ಸಾಕು.

*

ರಾಜ್ಯಗಳ ಗಡಿ ವ್ಯಾಜ್ಯ ವಿಚಾರಿಸಿದ ಮಹಾಜನ ಆಯೋಗ ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಹೇಳಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಆಸೆಯಲ್ಲೇ ನೂರು ವರ್ಷ ಬಾಳಿ 2015ರಲ್ಲಿ ಬದಿಯಡ್ಕದಲ್ಲಿ ತೀರಿಕೊಂಡರು. ಆ ಆಸೆಯನ್ನು ನಾನು ಕಿರಿದು ಮಾಡುವವನಲ್ಲ. ಆದರೆ ಗಡಿಯ ವ್ಯಾಜ್ಯ ತೀರಲಿ ಎಂದು ಮಗುವಿನ ಆರನೇ ವರ್ಷ ಕಾಯುವುದಿಲ್ಲ. ಗಡಿ ಎಲ್ಲೇ ಇರಲಿ, ಇಂದಿನ ಮಗುವಿಗೆ ಇಂದೇ ಕನ್ನಡದ ಅಧ್ಯಾಪಕರು ಬೇಕು. ಅದನ್ನು ಕೇಳಲು ಭೂಪಟ ಬೇಕಿಲ್ಲ.

*

ಕರ್ನಾಟಕದಲ್ಲಿ ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬ ದೀರ್ಘ ಹೋರಾಟಕ್ಕೆ 2014ರಲ್ಲಿ ಸುಪ್ರೀಂ ಕೋರ್ಟು ತೆರೆ ಎಳೆಯಿತು. ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. ಮಗುವಿನ ತಾಯ್ನುಡಿ ಯಾವುದೆಂದು ಹೇಳುವವರೂ ತಂದೆತಾಯಿಗಳೇ. ತೀರ್ಪಿನ ಮೊದಲ ಭಾಗ ನನ್ನಂಥವರಿಗೆ ನೋವು ತಂದಿತು, ಇವತ್ತಿಗೂ ತರುತ್ತದೆ. ಎರಡನೇ ಭಾಗ ಬೇರೆ ಮಾತು. ಯಾರು ಯಾವ ಸಮುದಾಯದವರೆಂದು ಅವರವರೇ ಹೇಳಿಕೊಳ್ಳಬೇಕು, ಅಧಿಕಾರಿ ಪರೀಕ್ಷೆ ಮಾಡಕೂಡದು ಎಂದು ಜರ್ಮನಿ ಮತ್ತು ಡೆನ್ಮಾರ್ಕ್ 1955ರಲ್ಲೇ ಪರಸ್ಪರ ಘೋಷಿಸಿಕೊಂಡವು. ಎರಡು ದೇಶಗಳ ನಡುವಿನ ಆ ಗಡಿಯಲ್ಲಿ ಹಿಂದೆ ರಕ್ತ ಹರಿದಿತ್ತು. ಇಂದು ಜರ್ಮನಿಯ ಕಡೆ ಡೇನಿಷ್ ಶಾಲೆಗಳಿವೆ, ಡೆನ್ಮಾರ್ಕಿನ ಕಡೆ ಜರ್ಮನ್ ಶಾಲೆಗಳಿವೆ. ಡೇನಿಷ್ ಅಲ್ಪಸಂಖ್ಯಾತರ ಪಕ್ಷಕ್ಕೆ ಜರ್ಮನಿಯ ಚುನಾವಣೆಯ ಶೇಕಡ 5ರ ತಡೆ ಅನ್ವಯಿಸುವುದಿಲ್ಲ. 2021ರಲ್ಲಿ ಅದು ಸಂಸತ್ತಿನಲ್ಲಿ ಒಂದು ಸ್ಥಾನ ಪಡೆಯಿತು. ಒಂದು ಸ್ಥಾನದಿಂದ ಸರ್ಕಾರ ಅಲುಗದು. ಆದರೆ ಸಭೆಯೊಳಗೆ ಕೂತವರಿಗೆ ಹೊರಗೆ ಕೂಗುವ ಅಗತ್ಯ ಕಡಿಮೆ.

*

ರಾಜ್ಯದ ಭಾಷೆ ಕಲಿಯುವುದು ಅಲ್ಪಸಂಖ್ಯಾತರ ಕರ್ತವ್ಯವೂ ಹೌದೆಂದು ಹೇಗ್ ಶಿಫಾರಸು ಹೇಳುತ್ತದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಕರ್ನಾಟಕದಲ್ಲಿ ಬಾಳುವವರು ಕನ್ನಡ ಕಲಿಯಬೇಕು. ತನ್ನ ಭಾಷೆಗೆ ಇಲ್ಲಿ ಜಾಗವಿದೆ ಎಂದು ನಂಬಿದವನು ಕನ್ನಡವನ್ನು ಬೇಗ ಕಲಿಯುತ್ತಾನೆ. ಹೆದರಿದವನು ಕಲಿತರೂ ಮಾತಾಡುವುದಿಲ್ಲ.

*

ಹೆಸರು ಮನುಷ್ಯನ ಮೊದಲ ಆಸ್ತಿ. 1984–85ರ ಚಳಿಗಾಲದಲ್ಲಿ ಬಲ್ಗೇರಿಯಾ ತನ್ನ ತುರ್ಕರನ್ನು ಪೊಲೀಸರ ಕಾವಲಿನಲ್ಲಿ ಸಾಲು ನಿಲ್ಲಿಸಿ ಹೆಸರು ಬದಲಿಸಿತು. 1989ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಠ ಬಿಟ್ಟು ಗಡಿ ದಾಟಿದರು. ಲಾಟ್ವಿಯಾದಲ್ಲಿ ಯಹೂದಿ ಮೂಲದ, ರಷ್ಯನ್ ಮಾತಾಡುವ ಒಬ್ಬರ ಹೆಸರಿನ ಕೊನೆಗೆ ಸರ್ಕಾರ ಲಾಟ್ವಿಯನ್ ವ್ಯಾಕರಣದ ಪ್ರತ್ಯಯ ಅಂಟಿಸಿತು. ಒಂದು ಅಕ್ಷರಕ್ಕಾಗಿ ಅವರು ವಿಶ್ವಸಂಸ್ಥೆಯ ತನಕ ಹೋದರು. 2010ರಲ್ಲಿ ಸಮಿತಿ ಅವರ ಪರವಾಗಿ ನಿಂತಿತು. ಓಸ್ಲೊ ಶಿಫಾರಸು ಆರಂಭವಾಗುವುದೇ ಹೆಸರಿನಿಂದ. ಬರೆದವರಿಗೆ ವಿಷಯ ಗೊತ್ತಿತ್ತು.

*

ಆಸ್ಟ್ರಿಯಾದ ಕರಿಂಥಿಯಾದಲ್ಲಿ ಸ್ಲೊವೀನ್ ಭಾಷಿಕರ ಊರುಗಳಿಗೆ ಎರಡು ಭಾಷೆಯ ಫಲಕ ಹಾಕಿಸುವುದಾಗಿ ಆ ದೇಶ 1955ರ ಒಪ್ಪಂದದಲ್ಲಿ ಮಾತು ಕೊಟ್ಟಿತು. 1972ರಲ್ಲಿ ಫಲಕ ನೆಟ್ಟಾಗ ಜನ ರಾತ್ರಿ ಹೋಗಿ ಕಿತ್ತರು. 2011ರಲ್ಲಿ 164 ಊರುಗಳಿಗೆ ಎಂದು ರಾಜಿಯಾಯಿತು. ಕೊಟ್ಟ ಮಾತಿಗೂ ನೆಟ್ಟ ಕಂಬಕ್ಕೂ ನಡುವೆ 56 ವರ್ಷ. ಗಡಿನಾಡಿನಲ್ಲಿ ಊರ ಫಲಕಗಳಿಗೆ ಮಸಿ ಬಳಿದದ್ದನ್ನು ಕಂಡವರಿಗೆ ಈ ಕಥೆ ದೂರದ್ದಲ್ಲ.

*

ಹಕ್ಕಿನ ನಿಜವಾದ ಅಳತೆ ಕಚೇರಿಯ ಕಿಟಕಿಯಲ್ಲಿ ಸಿಗುತ್ತದೆ. ನಮೀಬಿಯಾದಲ್ಲಿ ಅಧಿಕಾರಿಗಳು ಆಫ್ರಿಕಾನ್ಸ್ ಭಾಷೆಯಲ್ಲಿ ಬಂದ ಪತ್ರಗಳಿಗಷ್ಟೇ ಅಲ್ಲ, ದೂರವಾಣಿ ಕರೆಗೂ ಆ ಭಾಷೆಯಲ್ಲಿ ಉತ್ತರಿಸಕೂಡದೆಂದು ಸುತ್ತೋಲೆ ಹೊರಟಿತ್ತು. ಆ ಭಾಷೆ ಬಲ್ಲವರೂ ಬಾರದವರಂತೆ ನಟಿಸಬೇಕಿತ್ತು. ರೆಹೊಬೊತ್ ಸಮುದಾಯದ ದೂರಿನ ಮೇಲೆ 2000ದಲ್ಲಿ ಸಮಿತಿ ಇದನ್ನು ತಾರತಮ್ಯ ಎಂದಿತು. ವರ್ಣಭೇದದ ಆಳ್ವಿಕೆಯ ಕಹಿ ಹೊತ್ತ ಭಾಷೆ ಅದು. ನಮೀಬಿಯಾದ ಸಿಟ್ಟು ಅರ್ಥವಾಗುವಂಥದ್ದೇ. ಆದರೂ ತೀರ್ಪು ಸರಿ. ಆಳಿದವರ ತಪ್ಪಿಗೆ ಆಡುವವರ ನಾಲಿಗೆ ಕಟ್ಟಬಾರದು.

*

ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡ 15ರಷ್ಟಾದರೂ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು ನಮ್ಮ ದೇಶದ ಒಪ್ಪಿತ ನಿಯಮ. ಮಂಜೇಶ್ವರದಲ್ಲಿ ಇದನ್ನು ಕನ್ನಡಿಗರು ಕೇಳಿದರೆ ನಮಗೆ ನ್ಯಾಯವೆನಿಸುತ್ತದೆ. ಬೆಳಗಾವಿಯಲ್ಲಿ ಮರಾಠಿಗರು ಕೇಳಿದರೆ ಅಲ್ಲಿ ರಾಜಕೀಯ ಕಾಣುತ್ತದೆ. ರಾಜಕೀಯ ಇಲ್ಲದಿಲ್ಲ, ಎರಡೂ ಕಡೆ ಇದೆ. ಆದರೆ ಮಳೆಗೆ ಬೆಳೆ ಕಳೆದುಕೊಂಡು ಪರಿಹಾರದ ಅರ್ಜಿ ಹಿಡಿದು ನಿಂತ ಖಾನಾಪುರದ ಮರಾಠಿ ಮುದುಕಿಗೂ ಮಹಾರಾಷ್ಟ್ರದ ಜತ್ತದ ಕನ್ನಡ ಮುದುಕಿಗೂ ಅದು ಗೊತ್ತಿಲ್ಲ. ಅರ್ಜಿಯಲ್ಲಿ ಏನು ಬರೆದಿದೆ ಎಂದು ತಿಳಿದರೆ ಅವರಿಗೆ ಸಾಕು.

*

ಗಡಿಯಾಚೆಯ ನಮ್ಮವರ ಬಗ್ಗೆ ನಾವು ಎಷ್ಟು ಮರುಗಬಹುದು? ಅದೇ ಹೈ ಕಮಿಷನರ್ ಕಚೇರಿಯ 2008ರ ಬೊಲ್ಜಾನೊ ಶಿಫಾರಸು ಇದಕ್ಕೇ ಮೀಸಲು. ಭಾಷೆ, ಸಂಸ್ಕೃತಿ, ಶಿಕ್ಷಣಕ್ಕೆ ನೆರವು ನೀಡಬಹುದು. ನೆರೆಯ ಸರ್ಕಾರದ ಅಧಿಕಾರದ ಮೇಲೆ ಕೈಯಿಡುವಂತಿಲ್ಲ. ಅವರನ್ನು ಕಾಯುವ ಮೊದಲ ಹೊಣೆ ಅವರು ಬಾಳುವ ರಾಜ್ಯದ್ದು. ಇದು ದೇಶ ದೇಶಗಳ ನಡುವಿನ ಮಾತಾದರೂ ನಮ್ಮ ರಾಜ್ಯಗಳು ಎದುರಿಟ್ಟುಕೊಂಡು ಓದಬೇಕಾದದ್ದು. ಗಡಿನಾಡ ಕನ್ನಡ ಮಕ್ಕಳಿಗೆ ವೃತ್ತಿ ಶಿಕ್ಷಣದಲ್ಲಿ ಸೀಟು ಮೀಸಲಿಡುವ ಕರ್ನಾಟಕ, 2023ರಲ್ಲಿ ಮಹಾರಾಷ್ಟ್ರ ತನ್ನ ಆರೋಗ್ಯ ವಿಮೆಯನ್ನು ಇಲ್ಲಿನ 865 ಊರುಗಳಿಗೆ ಚಾಚಲು ಹೊರಟಾಗ ಕೆರಳಿತು. ಎರಡೂ ಒಂದೇ ಎನ್ನುವುದಿಲ್ಲ. ಯಾರ ಊರು ಎಂಬ ದಾವೆ ಸುಪ್ರೀಂ ಕೋರ್ಟಿನಲ್ಲಿರುವಾಗ ಚಾಚಿದ ಕೈಯಲ್ಲಿ ಔಷಧಿಯ ಜೊತೆ ಹಕ್ಕುಪತ್ರವೂ ಇತ್ತು. ಆದರೂ ಇಲ್ಲಿನವರಿಗೆ ಇಲ್ಲೇ ಒಳ್ಳೆಯ ಆಸ್ಪತ್ರೆ ಇದ್ದರೆ ಅಂಥ ಕೈಗೆ ಕೆಲಸವಿರುವುದಿಲ್ಲ.

ಬೊಲ್ಜಾನೊ ಎಂಬ ಊರಿನ ಚರಿತ್ರೆಯೇ ಒಂದು ಪಾಠ. ಜರ್ಮನ್ ಮಾತಾಡುವ ಆ ನಾಡು ಮೊದಲ ಮಹಾಯುದ್ಧದ ಬಳಿಕ ಇಟಲಿಯ ಪಾಲಾಯಿತು. ಮುಸೊಲಿನಿ ಜರ್ಮನ್ ಶಾಲೆಗಳನ್ನು ಮುಚ್ಚಿಸಿದ. ಹಳ್ಳಿಯ ಹೆಣ್ಣುಮಕ್ಕಳು ಕದ್ದುಮುಚ್ಚಿ ಮಕ್ಕಳಿಗೆ ಅಕ್ಷರ ಕಲಿಸಿದರು. 1946ರಲ್ಲಿ ಒಪ್ಪಂದ, ಅದು ಜಾರಿಯಾಗದೆ 1961ರಲ್ಲಿ ಬಾಂಬು, 1972ರಲ್ಲಿ ಸ್ವಾಯತ್ತತೆ. ಆಸ್ಟ್ರಿಯಾ ಮತ್ತು ಇಟಲಿ ವ್ಯಾಜ್ಯ ಮುಗಿಯಿತೆಂದು ಘೋಷಿಸಿದ್ದು 1992ರಲ್ಲಿ. ಗಡಿ ಒಂದಂಗುಲ ಕದಲಲಿಲ್ಲ. ಶಾಲೆ, ಕಚೇರಿ, ನೌಕರಿಯ ಪಾಲು ಬದಲಾಯಿತು, ಜನ ನೆಲೆ ನಿಂತರು.

*

ಸಮುದಾಯದ ಹಕ್ಕು ಅದರೊಳಗಿನ ಹೆಣ್ಣನ್ನು ಮರೆತರೆ ಹಕ್ಕಿನ ಹೆಸರಿನಲ್ಲಿ ಇನ್ನೊಂದು ಬಹುಸಂಖ್ಯೆ ಎದ್ದು ನಿಲ್ಲುತ್ತದೆ. ಕೆನಡಾದ ಮಾಲಿಸೀಟ್ ಬುಡಕಟ್ಟಿನ ಸಾಂಡ್ರಾ ಲವ್‌ಲೇಸ್ ಹೊರಗಿನವನನ್ನು ಮದುವೆಯಾದದ್ದಕ್ಕೆ ಆ ದೇಶದ ಕಾನೂನಿನ ಪ್ರಕಾರ ಬುಡಕಟ್ಟಿನವರಲ್ಲವಾದರು. ಗಂಡಸು ಹೊರಗಿನವಳನ್ನು ತಂದರೆ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಮದುವೆ ಮುರಿದು ತವರಿಗೆ ಬಂದಾಗ ಆ ನೆಲದಲ್ಲಿ ನೆಲೆಸುವ ಹಕ್ಕೇ ಇರಲಿಲ್ಲ. 1981ರಲ್ಲಿ ಸಮಿತಿ 27ನೇ ವಿಧಿಯನ್ನು ಅವರ ಪರವಾಗಿ ಓದಿತು. 1985ರಲ್ಲಿ ಕೆನಡಾ ಕಾನೂನು ತಿದ್ದಿತು.

*

ಚೆಕ್ ದೇಶದ ಒಸ್ತ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ವಿಶೇಷ ಶಾಲೆಗಳಿಗೆ ಕಳಿಸುತ್ತಿದ್ದರು. ಪರೀಕ್ಷೆ ಎಲ್ಲರಿಗೂ ಒಂದೇ ಎಂಬುದು ಅಲ್ಲಿಯ ಸಮಾಧಾನ. 18 ಮಕ್ಕಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು, 2007ರಲ್ಲಿ ಗೆದ್ದರು. ದ್ವೇಷದ ಉದ್ದೇಶ ರುಜುವಾತಾಗಬೇಕಿಲ್ಲ, ಪರಿಣಾಮವೇ ಸಾಕ್ಷಿ ಎಂದಿತು ನ್ಯಾಯಾಲಯ. ಜೇನುಕುರುಬರ ಹಾಡಿಯಿಂದ ಬಂದ ಮಗು ತರಗತಿಯ ಹಿಂದಿನ ಸಾಲಿನಲ್ಲಿ ಮೂಕವಾಗಿ ಕೂತದ್ದನ್ನು ಕಂಡು ‘ಇವಕ್ಕೆ ತಲೆಗೆ ಹತ್ತುವುದಿಲ್ಲ’ ಎನ್ನುವವರು ಈ ತೀರ್ಪನ್ನು ಓದಬೇಕು.

*

ಜನಗಣತಿಯೂ ಒಂದು ಆಡಳಿತದ ಕಣ್ಣು. 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಯ ಹೆಸರನ್ನು ಅದು ಪಟ್ಟಿಯಲ್ಲಿ ಬರೆಯುವುದಿಲ್ಲ, ‘ಇತರೆ’ಯಲ್ಲಿ ಹಾಕುತ್ತದೆ. ಕರ್ನಾಟಕದ ತಾಂಡಾಗಳ ಲಂಬಾಣಿ ಮಾತು 2011ರ ಗಣತಿಯಲ್ಲಿ ಹಿಂದಿಯ ಲೆಕ್ಕಕ್ಕೆ ಸೇರಿದೆ. ಇದಕ್ಕೆ ಸಿಟ್ಟಾಗುವ ನಾವು, ನೀಲಗಿರಿಯ ಬಡಗ ಮಾತು ಕನ್ನಡದ ಲೆಕ್ಕಕ್ಕೆ ಸೇರಿರುವುದನ್ನೂ ಕೇಳಿಕೊಳ್ಳಬೇಕು. ಬಡಗರಲ್ಲಿ ತಮ್ಮದು ಬೇರೆ ಭಾಷೆ ಎನ್ನುವವರಿದ್ದಾರೆ. ಅವರ ಮಾತಿಗೆ ಕಿವಿ ಕೊಡುವುದು ಕನ್ನಡಕ್ಕೆ ನಷ್ಟವಲ್ಲ.

*

ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗೆ ಅಕಾಡೆಮಿಗಳನ್ನು ಕಟ್ಟಿದ್ದು ಕರ್ನಾಟಕದ ಹೆಮ್ಮೆ. 2011ರ ಗಣತಿಯಲ್ಲಿ ಕೊಡವ ಆಡುವವರು ಒಂದು ಲಕ್ಷಕ್ಕೆ ತುಸು ಮೇಲೆ. ಕೊರಗರ ಮಾತಿಗೆ ಅಕಾಡೆಮಿ ಇಲ್ಲ. ಅಜಲು ಎಂಬ ಅವಮಾನದ ಪದ್ಧತಿಯಿಂದ ಕೊರಗರನ್ನು ಬಿಡಿಸಲು 2000ದಲ್ಲಿ ಕಾನೂನು ಬಂತು. ಮಾನವನ್ನು ಕಾಯುವ ಕಾನೂನು ಬರಲಿಕ್ಕೇ ಸ್ವಾತಂತ್ರ್ಯದ ಬಳಿಕ ಐವತ್ತು ವರ್ಷ ದಾಟಬೇಕಾದ ಕಡೆ, ಮಾತನ್ನು ಕಾಯುವ ಸರದಿ ಯಾವಾಗ?

*

ಉತ್ತರ ಕನ್ನಡದ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಲುಂಡ್ ಶಿಫಾರಸು ಕೇಳುವುದು ಇದನ್ನೇ: ಅವರ ಬಗ್ಗೆ ತೀರ್ಮಾನ ಆಗುವಾಗ ಅವರು ಒಳಗಿರಲಿ.

*

ಆರೋಪ ಹೊತ್ತ ಮನುಷ್ಯನಿಗೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ನ್ಯಾಯಾಲಯದಲ್ಲಿ ದುಡ್ಡಿಲ್ಲದೆ ದುಭಾಷಿಯನ್ನು ಕೊಡಬೇಕು ಎಂದು 1966ರ ಒಡಂಬಡಿಕೆಯ 14ನೇ ವಿಧಿ ಹೇಳುತ್ತದೆ. ಅಲ್ಪಸಂಖ್ಯಾತನೆನಿಸಿಕೊಳ್ಳಲು ನಾಗರಿಕನಾಗಿರಬೇಕಿಲ್ಲ, ಕಾಯಂ ನಿವಾಸಿಯೂ ಆಗಿರಬೇಕಿಲ್ಲ ಎಂದು ಸಮಿತಿಯ 1994ರ ವ್ಯಾಖ್ಯಾನ ಸೇರಿಸಿತು. ಅಸ್ಸಾಮಿನಿಂದ ಕೊಡಗಿನ ತೋಟಕ್ಕೆ ಬಂದವನು, ಒಡಿಶಾದಿಂದ ಬೆಂಗಳೂರಿನ ಕಟ್ಟಡಕ್ಕೆ ಬಂದವನು ಠಾಣೆಯ ಮೆಟ್ಟಿಲು ಹತ್ತಿದಾಗ ಈ ಎರಡು ಸಾಲು ಅವರ ಜೊತೆಗಿರಬೇಕು. ದುಬೈಯಲ್ಲೋ ಮಸ್ಕತ್ತಿನಲ್ಲೋ ಠಾಣೆಗೆ ಹೋದ ನಮ್ಮ ಕರಾವಳಿಯ ಹುಡುಗನಿಗೂ ಇದೇ ನ್ಯಾಯ ಸಿಗಲೆಂದು ನಾವು ಬೇಡುತ್ತೇವೆ.

*

ಸಂವಿಧಾನದ 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರೊಬ್ಬರಿದ್ದಾರೆ. ಆ ಕಚೇರಿ 1957ರಿಂದ ಇದೆ. ಅವರ ವರದಿಗಳು ರಾಷ್ಟ್ರಪತಿಗೆ ಹೋಗುತ್ತವೆ, ಸಂಸತ್ತಿನ ಮುಂದೆ ಬರುತ್ತವೆ, ರಾಜ್ಯಗಳಿಗೂ ತಲುಪುತ್ತವೆ. ಯಾವ ಜಿಲ್ಲೆಯಲ್ಲಿ ಯಾವ ಭಾಷೆಯ ಶಾಲೆಗಳಿವೆ, ಎಲ್ಲಿ ಅಧ್ಯಾಪಕರಿಲ್ಲ, ಯಾವ ಪ್ರಕಟಣೆ ಅನುವಾದವಾಗಿಲ್ಲ ಎಂದು ಕೇಳಲು ಶಾಸಕರಿಗೆ ಅದಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಒಂದು ದಿನವನ್ನು ಈ ವರದಿಗೆ ಕೊಡಲಿ. ಬೆಳಗ್ಗೆ ಕೇರಳ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡಿನ ಅಧ್ಯಾಯಗಳನ್ನು ಓದಿ ನಮ್ಮವರಿಗೆ ಆದ ಕೊರತೆಯನ್ನು ಆ ಸರ್ಕಾರಗಳಿಗೆ ಬರೆಯಲಿ. ಮಧ್ಯಾಹ್ನ ಕರ್ನಾಟಕದ ಅಧ್ಯಾಯ ತೆಗೆದು, ಅದರಲ್ಲಿ ಬಾಕಿ ಇರುವ ಮರಾಠಿ, ಉರ್ದು, ತೆಲುಗು, ತಮಿಳು ಶಾಲೆಗಳ ಅಧ್ಯಾಪಕರ ಹುದ್ದೆಗಳಿಗೆ ಸಂಜೆಯೊಳಗೆ ಮಂಜೂರಾತಿ ಕೊಡಲಿ.